ವಾಹಕನಿಗೆ ಯಾವ ಕಲಂ?

ಧರ್ಮಪುರಿ ಜಿಲ್ಲೆಯ ಸಿತ್ತೇರಿ ಬೆಟ್ಟದ ಮೇಲೊಂದು ಹಳ್ಳಿ. ಅಲ್ಲಿ ಇಪ್ಪತ್ತೆರಡರ ಒಬ್ಬ ಹುಡುಗ. ಆರೋಗ್ಯ ಇಲಾಖೆಯವರು ಊರಿಗೆ ಬಂದು ಬೆರಳು ಚುಚ್ಚಿ ರಕ್ತ ತೆಗೆದುಕೊಂಡು ಹೋಗಿದ್ದರು. ಈಗ ಅವನ ಕೈಗೆ ಒಂದು ಕಾರ್ಡು ಬಂದಿದೆ. ಸಿಕಲ್ ಸೆಲ್ ವಾಹಕ ಎಂದು ಅದರಲ್ಲಿದೆ. ಅವನಿಗೆ ಕಾಯಿಲೆಯಿಲ್ಲ, ಬೆಟ್ಟ ಹತ್ತುತ್ತಾನೆ, ಮೂಟೆ ಹೊರುತ್ತಾನೆ. ಕೆಳಗೆ ಸೇಲಂನ ಗಿರಣಿಯೊಂದರಲ್ಲಿ ಕೆಲಸಕ್ಕೆ ಸೇರಬೇಕೆಂದಿದ್ದಾನೆ. ಸೇರುವ ಮುನ್ನ ವೈದ್ಯಕೀಯ ತಪಾಸಣೆ ಇದೆ. ಈ ಹುಡುಗ ನನ್ನ ಊಹೆಯವನು. ಅವನ ಪ್ರಶ್ನೆ ಮಾತ್ರ ಊಹೆಯದಲ್ಲ: ಈ ಕಾರ್ಡು ನೋಡಿ ಕೆಲಸ ಕೊಡದಿದ್ದರೆ, ವಿಮೆ ಕಂಪನಿ ಪಾಲಿಸಿ ಕೊಡದಿದ್ದರೆ, ಯಾವ ಕಾನೂನಿನ ಯಾವ ಕಲಂ ಅವನ ಪರ ನಿಲ್ಲುತ್ತದೆ?

ಉತ್ತರ ಒಂದು ಸಾಲಿನಲ್ಲಿ ಸಿಗಬಹುದೆಂದುಕೊಂಡು ಕಾಯಿದೆಗಳನ್ನು ತೆರೆದೆ. ಸಿಗಲಿಲ್ಲ. ಒಂದು ಕಾಗದ ಕೊಟ್ಟದ್ದನ್ನು ಇನ್ನೊಂದು ಕಿತ್ತುಕೊಂಡಿತು. ಸಂಬಂಧವೇ ಇಲ್ಲವೆಂದುಕೊಂಡಿದ್ದ ಎರಡು ಕಡತಗಳು ಒಂದೇ ಮಾತಿಗೆ ಬಂದು ಸೇರಿದವು. ಆ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾರ್ಡು ಎಲ್ಲಿಂದ ಬಂತು ಎಂಬುದು ಖಚಿತವಾಗಬೇಕು. ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಅಭಿಯಾನವನ್ನು 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದರು. ಅದೇ ವರ್ಷ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಪ್ರಧಾನಿ ಅದನ್ನು ಆರಂಭಿಸಿದರು. 17 ರಾಜ್ಯಗಳಲ್ಲಿ, ಬುಡಕಟ್ಟು ಜನರಿರುವ ಪ್ರದೇಶಗಳಲ್ಲಿ, 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷಿಸಬೇಕು. 2047ರ ಹೊತ್ತಿಗೆ ರೋಗ ಇಲ್ಲದಂತಾಗಬೇಕು. ಆ 17ರಲ್ಲಿ ತಮಿಳುನಾಡೂ ಇದೆ, ಕರ್ನಾಟಕವೂ ಇದೆ. ಉದ್ದೇಶದ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ತಾಯಿ ತಂದೆ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮಗುವಿನ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ತಡೆಯಲಾಗದ ನೋವು, ಸೋಂಕು, ರಕ್ತಹೀನತೆ. ಮೊದಲೇ ಗೊತ್ತಿದ್ದರೆ ಇದನ್ನು ತಪ್ಪಿಸಬಹುದು. ಆದರೆ ಇಂಥ ಪರೀಕ್ಷೆಯ ಲೆಕ್ಕದಲ್ಲಿ ರೋಗಿಗಳಿಗಿಂತ ವಾಹಕರೇ ಎಷ್ಟೋ ಪಟ್ಟು ಹೆಚ್ಚು ಸಿಗುತ್ತಾರೆ. ಅಂದರೆ ಅಭಿಯಾನ ಮುಗಿಯುವ ಹೊತ್ತಿಗೆ ನಾಡಿನ ತುಂಬ ದೇಹದಲ್ಲಿ ಯಾವ ಕಾಯಿಲೆಯೂ ಇಲ್ಲದ, ಕಾಗದದಲ್ಲಿ ಮಾತ್ರ ಒಂದು ಗುರುತು ಇರುವ ಬಹು ದೊಡ್ಡ ಜನವರ್ಗ ಇರುತ್ತದೆ. ನನ್ನ ಹುಡುಕಾಟ ಇವರ ಬಗ್ಗೆ.

ಕಾಗದದ ಗುರುತು ಈ ಸೀಮೆಗೆ ಹೊಸದಲ್ಲ. ಭಾರತದಲ್ಲಿ ಸಿಕಲ್ ಸೆಲ್ ಮೊದಲು ಬರಹಕ್ಕೆ ಬಂದದ್ದು 1952ರಲ್ಲಿ. ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ನೀಲಗಿರಿಯ ಬುಡಕಟ್ಟುಗಳಲ್ಲಿ ಅದನ್ನು ಕಂಡು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅದೇ ವರ್ಷ ಅಸ್ಸಾಮಿನ ಚಹಾ ತೋಟದ ಕೂಲಿಗಳಲ್ಲೂ ಬೇರೆಯವರು ಕಂಡರು. ಲೇಮನ್‌ಗೆ ಈ ಗುಣ ಒಂದು ಪ್ರಾಚೀನ ಜನಾಂಗದ ಚಹರೆಯಾಗಿ ಕಂಡಿತು. ಆ ಕಾಲದ ಮಾನವಶಾಸ್ತ್ರ ಹಾಗೆಯೇ ಯೋಚಿಸುತ್ತಿತ್ತು. ಎರಡೇ ವರ್ಷದಲ್ಲಿ ಆಂಥೊನಿ ಆಲಿಸನ್ ಆಫ್ರಿಕದಲ್ಲಿ ಕೆಲಸ ಮಾಡಿ, ವಾಹಕರಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ, ಆದ್ದರಿಂದಲೇ ಮಲೇರಿಯಾ ಇದ್ದ ಕಡೆ ಈ ಗುಣ ಉಳಿದಿದೆ ಎಂದು ತೋರಿಸಿದರು. ಜನಾಂಗದ ಚಹರೆ ಎಂಬ ಮಾತು ಅಲ್ಲಿಗೆ ಬಿದ್ದುಹೋಗಬೇಕಿತ್ತು. ವಿಜ್ಞಾನದಲ್ಲಿ ಬಿತ್ತು. ಆಡಳಿತದಲ್ಲಿ, ಪರೀಕ್ಷೆಯ ನಕ್ಷೆ ಬುಡಕಟ್ಟಿನ ನಕ್ಷೆಯಾಗಿಯೇ ಉಳಿಯಿತು.

ಆ ನಕ್ಷೆ ಎಷ್ಟು ಗಟ್ಟಿ? ಸೇಲಂ ಮತ್ತು ಧರ್ಮಪುರಿಯ ಬೆಟ್ಟಗಳಲ್ಲಿರುವವರು ಹೆಚ್ಚಾಗಿ ಮಲಯಾಳಿ ಬುಡಕಟ್ಟಿನವರು. ಕೇರಳದವರಲ್ಲ, ತಮಿಳಾಡುವ ಬೆಟ್ಟದ ಬೇಸಾಯಗಾರರು. ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಜಿಲ್ಲೆಗಳ ಹೆಸರಿವೆ: ಧರ್ಮಪುರಿ, ಉತ್ತರ ಆರ್ಕಾಟ್, ಪುದುಕ್ಕೋಟೆ, ಸೇಲಂ, ದಕ್ಷಿಣ ಆರ್ಕಾಟ್, ತಿರುಚಿನಾಪಳ್ಳಿ. ಈರೋಡಿನ ಹೆಸರಿಲ್ಲ. ಹೀಗಾಗಿ ನಮ್ಮ ಮಲೆ ಮಹದೇಶ್ವರ ಬೆಟ್ಟಕ್ಕೆ ಅಂಟಿಕೊಂಡಿರುವ ಬರಗೂರು ಬೆಟ್ಟದಲ್ಲಿ, ಕನ್ನಡ ಮಾತಾಡುವ ಲಿಂಗಾಯತರ ನೆರೆಯಲ್ಲಿ ಬಾಳುವ ಮಲಯಾಳಿಗಳು ಆ ಪಟ್ಟಿಯಲ್ಲಿ ಬುಡಕಟ್ಟಿನವರಲ್ಲ. ಜಿಲ್ಲೆಯ ಗಡಿ ದಾಟಿದರೆ ಅದೇ ಜನ ಬುಡಕಟ್ಟಿನವರು. ರಕ್ತ ಈ ಗಡಿ ಪಾಲಿಸುವುದಿಲ್ಲ, ಮದುವೆ ಸಂಬಂಧಗಳೂ ಪಾಲಿಸುವುದಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ವಾಹಕ ಎಂಬ ಗುರುತು ಒಬ್ಬ ವ್ಯಕ್ತಿಯ ಮೇಲೆ ಮಾತ್ರ ನಿಲ್ಲುವುದಿಲ್ಲ. ಒಬ್ಬನ ಫಲಿತಾಂಶ ಅವನ ಅಣ್ಣತಮ್ಮಂದಿರ ಬಗ್ಗೆಯೂ ಸುಳಿವು ಕೊಡುತ್ತದೆ. ಇಂತಿಂಥ ಬೆಟ್ಟದವರು ಎಂದರೆ ಸಾಕು, ಪರೀಕ್ಷೆ ಮಾಡಿಸದವರ ಮೇಲೂ ಅನುಮಾನ ಬೀಳಬಹುದು.

ಸರ್ಕಾರದ ಕಾಗದವನ್ನು ಇಲ್ಲಿನವರು ನಂಬಿ ಕೈಚಾಚಬೇಕೆಂದು ನಿರೀಕ್ಷಿಸುವವರು ವಾಚಾತ್ತಿಯನ್ನು ಮರೆಯಬಾರದು. ಹರೂರು ತಾಲ್ಲೂಕಿನ ಆ ಮಲಯಾಳಿ ಹಳ್ಳಿಯ ಮೇಲೆ 1992ರ ಜೂನ್‌ನಲ್ಲಿ ಅರಣ್ಯ, ಪೊಲೀಸು, ಕಂದಾಯ ಇಲಾಖೆಯವರು ಗಂಧದ ಮರ ಹುಡುಕುವ ನೆಪದಲ್ಲಿ ನಡೆಸಿದ ಅತ್ಯಾಚಾರ, ಲೂಟಿಗಳಿಗೆ ಧರ್ಮಪುರಿಯ ನ್ಯಾಯಾಲಯ ಶಿಕ್ಷೆ ಕೊಟ್ಟದ್ದು 2011ರಲ್ಲಿ. ಮದ್ರಾಸ್ ಹೈಕೋರ್ಟು ಎತ್ತಿಹಿಡಿದದ್ದು 2023ರಲ್ಲಿ. ಅಭಿಯಾನ ಆರಂಭವಾದದ್ದೂ ಅದೇ 2023ರಲ್ಲಿ. ಇಂಥ ಜನ ರಕ್ತ ಕೊಟ್ಟರೆ, ಆ ರಕ್ತದಿಂದ ಹುಟ್ಟಿದ ಮಾಹಿತಿಗೆ ಕಾವಲು ಏನೆಂದು ಕೇಳುವುದು ಅವರ ಹಕ್ಕು.

ಈಗ ಕಾಯಿದೆಗಳಿಗೆ ಬರೋಣ. ಭಾರತದ ಶಾಸನಗಳಲ್ಲಿ ವಂಶವಾಹಿ ಪರೀಕ್ಷೆಯ ವಿಚಾರ ಮೊದಲು ವಿಸ್ತಾರವಾಗಿ ಬರುವುದೆಲ್ಲಿ ಎಂದು ಹುಡುಕಿದರೆ ಸಿಗುವುದು 1994ರ ಪ್ರಸವಪೂರ್ವ ರೋಗಪತ್ತೆ ತಂತ್ರಗಳ ಕಾಯಿದೆ, ಭ್ರೂಣಲಿಂಗ ಪತ್ತೆಯನ್ನು ತಡೆದ ಕಾಯಿದೆ. ಸೇಲಂ ಹೆಸರು ಕೇಳಿದವರಿಗೆ ಇಲ್ಲೊಂದು ನೆನಪು ಏಳುತ್ತದೆ. ಹುಟ್ಟಿದ ಹೆಣ್ಣು ಕೂಸುಗಳನ್ನು ಉಳಿಸಲು ಜಯಲಲಿತಾ ಸರ್ಕಾರ ತೊಟ್ಟಿಲು ಮಗು ಯೋಜನೆಯನ್ನು 1992ರಲ್ಲಿ ಆರಂಭಿಸಿದ್ದು ಸೇಲಂನಲ್ಲೇ. ಆಮೇಲೆ ಅದು ಧರ್ಮಪುರಿಗೂ ಬಂತು. 1992ರಲ್ಲಿ ತೊಟ್ಟಿಲು, 1994ರಲ್ಲಿ ಕಾಯಿದೆ: ಸೇಲಂನ ಸಂಕಟದಿಂದಲೇ ಈ ಕಾಯಿದೆ ಹುಟ್ಟಿತು ಎಂದು ಬರೆದುಬಿಡಲು ಮನಸ್ಸಾಗುತ್ತದೆ. ಆದರೆ ಅದು ನಿಜವಲ್ಲ. ಕೇಂದ್ರದ ಕಾಯಿದೆಗೆ ಮುಂಚೆಯೇ, 1988ರಲ್ಲಿ, ಮಹಾರಾಷ್ಟ್ರ ಇಂಥದೇ ಕಾಯಿದೆ ಮಾಡಿತ್ತು; ಅದರ ಹಿಂದೆ ಮುಂಬಯಿಯ ಮಹಿಳಾ ಸಂಘಟನೆಗಳ ಹೋರಾಟವಿತ್ತು. ವರ್ಷಗಳು ಹತ್ತಿರವಿವೆ ಎಂದಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗುವುದಿಲ್ಲ.

ಆದರೂ ಆ ಕಾಯಿದೆ ನನಗೆ ಉಪಯೋಗಕ್ಕೆ ಬಂತು. ಅದರ 4ನೇ ಕಲಂ ಯಾವ ಯಾವ ದೋಷಗಳಿಗಾಗಿ ಗರ್ಭದಲ್ಲಿ ಪರೀಕ್ಷೆ ಮಾಡಬಹುದೆಂದು ಪಟ್ಟಿ ಕೊಡುತ್ತದೆ. ಹಿಮೋಗ್ಲೋಬಿನ್ ರೋಗಗಳು ಅದರಲ್ಲಿ ಸ್ಪಷ್ಟವಾಗಿ ಇವೆ. ಸಿಕಲ್ ಸೆಲ್, ಥಲಸ್ಸೀಮಿಯಾ ಎರಡೂ ಆ ಗುಂಪಿನವು. ಅಂದರೆ ಹುಟ್ಟುವ ಮುನ್ನವೇ ಈ ಗುಣವನ್ನು ಕಾನೂನು ಗುರುತಿಸುತ್ತದೆ. ಹುಟ್ಟಿ, ಬೆಳೆದು, ಕೆಲಸ ಕೇಳಲು ಹೋದಾಗ?

2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಮುಂದಿನ ಆಸೆ. ಅದರ ಅನುಸೂಚಿಯಲ್ಲಿ ರಕ್ತದ ಕಾಯಿಲೆಗಳೆಂದು ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ರೋಗ ಮೂರನ್ನೂ ಹೆಸರಿಸಿದ್ದಾರೆ. 20ನೇ ಕಲಂ ಸರ್ಕಾರಿ ಸಂಸ್ಥೆಗಳಲ್ಲಿ ಉದ್ಯೋಗದ ತಾರತಮ್ಯವನ್ನು ನಿಷೇಧಿಸುತ್ತದೆ. ಇಲ್ಲಿಯವರೆಗೆ ಓದಿ ನಿಲ್ಲಿಸಿದ್ದರೆ ಪ್ರಶ್ನೆಗೆ ಉತ್ತರ ಸಿಕ್ಕಿತು ಅನ್ನಬಹುದಿತ್ತು. ಮುಂದೆ ಓದಿದರೆ ಎರಡು ಕಡೆ ಬಿರುಕು ಕಾಣುತ್ತದೆ. ಸರ್ಕಾರಿ ನೌಕರಿಯಲ್ಲಿ ಶೇಕಡಾ 4 ಮೀಸಲು ಕೊಡುವ 34ನೇ ಕಲಂನಲ್ಲಿ ದೃಷ್ಟಿ, ಶ್ರವಣ, ಚಲನೆ, ಬುದ್ಧಿ-ಮನಸ್ಸಿನ ತೊಂದರೆಗಳಿವೆ. ರಕ್ತದ ಕಾಯಿಲೆಗಳು ಪ್ರತ್ಯೇಕವಾಗಿ ಇಲ್ಲ. ಅನುಸೂಚಿಯಲ್ಲಿ ಒಳಗಿರುವ ರೋಗಿ ಮೀಸಲಾತಿಯಲ್ಲಿ ಹೊರಗೆ. ಎರಡನೆಯದು ನಮ್ಮ ಹುಡುಗನಿಗೆ ಇನ್ನೂ ಮುಖ್ಯ. ಕಾಯಿದೆ ಕಾಯುವುದು ದೀರ್ಘಕಾಲದ ನ್ಯೂನತೆ ಇರುವವರನ್ನು. ವಾಹಕನಿಗೆ ನ್ಯೂನತೆಯೇ ಇಲ್ಲ. ರೋಗಿಯಾಗಿದ್ದರೆ ಈ ಕಾಯಿದೆ ಅವನತ್ತ ಅರ್ಧವಾದರೂ ತಿರುಗುತ್ತಿತ್ತು. ಆರೋಗ್ಯವಂತನಾದ್ದರಿಂದ ಅದರ ಪಾಲಿಗೆ ಅವನು ಇಲ್ಲವೇ ಇಲ್ಲ.

ಸಂವಿಧಾನದ 14 ಮತ್ತು 16ನೇ ವಿಧಿಗಳಿವೆಯಲ್ಲ ಎಂದು ವಕೀಲ ಮಿತ್ರರು ಕೇಳಬಹುದು. ಇವೆ, ಆದರೆ ಅವು ಕಟ್ಟಿಹಾಕುವುದು ಸರ್ಕಾರವನ್ನು, ಸರ್ಕಾರದ ಸಂಸ್ಥೆಗಳನ್ನು. ಸೇಲಂ ಉಕ್ಕಿನ ಕಾರ್ಖಾನೆ ಕೇಂದ್ರ ಸರ್ಕಾರದ್ದು. ಅಲ್ಲಿ ಈ ವಿಧಿಗಳನ್ನು ಹಿಡಿದು ವಾದಿಸಬಹುದು. ಖಾಸಗಿ ನೂಲಿನ ಗಿರಣಿಯ ಬಾಗಿಲಲ್ಲಿ ಅವು ಅಷ್ಟು ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ನನಗೆ ಬೆಳಕು ಕಂಡದ್ದು ಬೇರೆಯೇ ಕಾಯಿಲೆಯ ಕಡತದಲ್ಲಿ. 1997ರಲ್ಲಿ ಬಾಂಬೆ ಹೈಕೋರ್ಟಿನ ಮುಂದೆ, ಹೆಸರು ಮುಚ್ಚಿಟ್ಟು ಅಕ್ಷರಗಳಿಂದ ಮಾತ್ರ ಗುರುತಿಸಿದ ಒಬ್ಬ ದಿನಗೂಲಿ ನೌಕರನ ಪ್ರಕರಣ ಬಂತು. ಎಚ್‌ಐವಿ ಇದೆಯೆಂದು ಸಾರ್ವಜನಿಕ ವಲಯದ ನಿಗಮವೊಂದು ಅವನಿಗೆ ಕೆಲಸ ಕೊಡಲಿಲ್ಲ. ಇಂದು ಕೆಲಸ ಮಾಡಲು ಶಕ್ತನಾಗಿರುವವನನ್ನು, ಇತರರಿಗೆ ಅಪಾಯ ತರದವನನ್ನು, ಮುಂದೊಂದು ದಿನ ಕಾಯಿಲೆ ಬೀಳಬಹುದು ಎಂಬ ಕಾರಣಕ್ಕೆ ಹೊರಗಿಡುವಂತಿಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು. ವಾಹಕನ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ತೀರ್ಪು ನನ್ನ ಓದಿನಲ್ಲಿ ಸಿಕ್ಕಿಲ್ಲ. ಆದರೆ ಹತ್ತಿರ ಎಂದರೆ ಅದೇ ಅಲ್ಲ: ಅಲ್ಲಿಯೂ ಉದ್ಯೋಗದಾತ ಸರ್ಕಾರದ ಸಂಸ್ಥೆಯೇ ಆಗಿತ್ತು.

ಗಿರಣಿಯ ಮಾಲೀಕನ ಭಯವನ್ನೂ ಒಮ್ಮೆ ನ್ಯಾಯವಾಗಿ ತೂಗಬೇಕು. ವಾಹಕನಿಗೆ ಕಷ್ಟದ ದುಡಿಮೆಯಿಂದ ನಿಜಕ್ಕೂ ಅಪಾಯವಿದೆಯೇ? ಇದರ ಇತಿಹಾಸ ಅಮೆರಿಕದಲ್ಲಿದೆ. ಅಲ್ಲಿ ಸೈನ್ಯಕ್ಕೆ ಹೊಸದಾಗಿ ಸೇರಿದ ನಾಲ್ವರು ಕಪ್ಪು ಯುವಕರು ತರಬೇತಿಯ ಹೊತ್ತಿನಲ್ಲಿ ಸತ್ತರು. ನಾಲ್ವರೂ ವಾಹಕರಾಗಿದ್ದರೆಂದು 1970ರಲ್ಲಿ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಬಂತು. ನಾಲ್ಕು ಸಾವುಗಳ ನೆರಳು ಬಹಳ ಉದ್ದಕ್ಕೆ ಬಿತ್ತು. ವಾಯುಪಡೆಯ ಅಕಾಡೆಮಿ 1981ರ ತನಕ ವಾಹಕರನ್ನು ಸೇರಿಸಿಕೊಳ್ಳಲಿಲ್ಲ. 1972ರಲ್ಲಿ ಸಿಕಲ್ ಸೆಲ್ ನಿಯಂತ್ರಣಕ್ಕೆಂದು ರಾಷ್ಟ್ರೀಯ ಕಾಯಿದೆ ಬಂತು. ಹಲವು ರಾಜ್ಯಗಳು ಕಡ್ಡಾಯ ಪರೀಕ್ಷೆ ಹೇರಿದವು. ರೋಗಿ ಯಾರು ವಾಹಕ ಯಾರು ಎಂಬ ವ್ಯತ್ಯಾಸವನ್ನು ಎಷ್ಟೋ ಕಡೆ ಕಾಯಿದೆ ಬರೆದವರೇ ಅರಿಯಲಿಲ್ಲ. ಆಮೇಲಿನ ಪುರಾವೆ ಏನು ಹೇಳಿತು? 2016ರಲ್ಲಿ ಅಮೆರಿಕದ ಸೈನ್ಯದ ಸುಮಾರು 48,000 ಕಪ್ಪು ಸೈನಿಕರ ದಾಖಲೆ ನೋಡಿದ ಅಧ್ಯಯನದಲ್ಲಿ ವಾಹಕರಲ್ಲಿ ಸಾವಿನ ಪ್ರಮಾಣ ಹೆಚ್ಚಿರಲಿಲ್ಲ. ಅತಿ ಶ್ರಮದಿಂದ ಸ್ನಾಯುಗಳು ಒಡೆಯುವ ಒಂದು ತೊಂದರೆ ಮಾತ್ರ ಅವರಲ್ಲಿ ಶೇಕಡಾ 54ರಷ್ಟು ಹೆಚ್ಚಾಗಿತ್ತು. ಎರಡೂ ಅಂಕಿಗಳನ್ನು ಒಟ್ಟಿಗೆ ಹಿಡಿಯಬೇಕು. ಅಪಾಯ ಸೊನ್ನೆಯಲ್ಲ, ಆದರೆ ಅದು ನೀರು, ನೆರಳು, ಬಿಡುವು ಕೊಟ್ಟು ನಿಭಾಯಿಸುವಂಥದ್ದು, ಬಾಗಿಲಲ್ಲೇ ತಡೆಯುವಂಥದ್ದಲ್ಲ. ಬಿಸಿಲಲ್ಲಿ ದುಡಿಯುವ ಎಲ್ಲರಿಗೂ ಬೇಕಾದದ್ದೂ ಅದೇ.

ಅಮೆರಿಕದ ಕಾನೂನು ಇಷ್ಟನ್ನು ಕಲಿಯಲು ದಶಕಗಳೇ ಹಿಡಿದವು. 1975ರಲ್ಲಿ ಉತ್ತರ ಕೆರೊಲಿನಾ ರಾಜ್ಯ ಸಿಕಲ್ ಸೆಲ್ ವಾಹಕರಿಗೆ ಉದ್ಯೋಗದಲ್ಲಿ ತಾರತಮ್ಯ ಮಾಡಬಾರದೆಂದು ಬರೆಯಿತು. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ನೌಕರರಿಗೆ ಹೇಳದೆಯೇ ಸಿಫಿಲಿಸ್, ಬಸಿರು, ಸಿಕಲ್ ಸೆಲ್ ಪರೀಕ್ಷೆ ಮಾಡಿದ ಪ್ರಕರಣದಲ್ಲಿ 1998ರಲ್ಲಿ ಮೇಲ್ಮನವಿ ನ್ಯಾಯಾಲಯ ನೌಕರರ ಖಾಸಗಿತನದ ದಾವೆಗೆ ದಾರಿ ಬಿಟ್ಟಿತು. ಕೊನೆಗೆ 2008ರ ಮೇ 21ರಂದು ವಂಶವಾಹಿ ಮಾಹಿತಿಯ ಆಧಾರದ ತಾರತಮ್ಯವನ್ನು ಆರೋಗ್ಯ ವಿಮೆಯಲ್ಲೂ ಉದ್ಯೋಗದಲ್ಲೂ ನಿಷೇಧಿಸುವ ರಾಷ್ಟ್ರೀಯ ಕಾಯಿದೆಗೆ ಅಂಕಿತ ಬಿತ್ತು. ಅದರಲ್ಲೂ ತೂತುಗಳಿವೆ: ಜೀವ ವಿಮೆಗೆ ಅದು ಅನ್ವಯಿಸುವುದಿಲ್ಲ, 15ಕ್ಕಿಂತ ಕಡಿಮೆ ನೌಕರರಿರುವ ಕಡೆ ಉದ್ಯೋಗದ ಭಾಗ ನಡೆಯುವುದಿಲ್ಲ. ಆದರೂ ಅಲ್ಲಿ ಆರೋಗ್ಯವಂತ ವಾಹಕನಿಗೆ ತೋರಿಸಲು ಒಂದು ಕಲಂ ಇದೆ.

ನಮ್ಮಲ್ಲಿ ವಿಮೆಯ ಕಡತ ಉದ್ಯೋಗದ ಕಡತಕ್ಕಿಂತ ದಪ್ಪ. 2018ರ ಫೆಬ್ರವರಿ 26ರಂದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಕೊಟ್ಟ ತೀರ್ಪಿನಿಂದ ಅದು ಶುರು. ಪಾಲಿಸಿದಾರರೊಬ್ಬರಿಗೆ ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ. 2000ದಿಂದ ಅವರು ಯುನೈಟೆಡ್ ಇಂಡಿಯಾ ಕಂಪನಿಯ ಪಾಲಿಸಿ ಇಟ್ಟುಕೊಂಡಿದ್ದರು. 2004 ಮತ್ತು 2006ರಲ್ಲಿ ಕಂಪನಿ ಕ್ಲೇಮು ಕೊಟ್ಟಿತ್ತು. 2011ರಲ್ಲಿ ಅದೇ ಹೃದಯದ ಕ್ಲೇಮನ್ನು, ಇದು ಆನುವಂಶಿಕ ಕಾಯಿಲೆ, ಪಾಲಿಸಿಯಲ್ಲಿ ಅದನ್ನು ಹೊರಗಿಟ್ಟಿದ್ದೇವೆ ಎಂದು ತಿರಸ್ಕರಿಸಿತು. ಆನುವಂಶಿಕ ಕಾಯಿಲೆಗಳನ್ನೆಲ್ಲ ಒಟ್ಟಾಗಿ ಹೊರಗಿಡುವ ಆ ಷರತ್ತು ಅತಿ ವ್ಯಾಪಕ, ಅಸ್ಪಷ್ಟ, ತಾರತಮ್ಯದ್ದು, 14ನೇ ವಿಧಿಗೆ ವಿರುದ್ಧ ಎಂದು ನ್ಯಾಯಾಲಯ ಹೇಳಿತು. ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರು, ಯಾವುದರಲ್ಲಿ ವಂಶದ ಪಾಲಿಲ್ಲ? ಆ ಷರತ್ತನ್ನು ಅಕ್ಷರಶಃ ಓದಿದರೆ ವಿಮೆ ಎಂಬುದೇ ಉಳಿಯುವುದಿಲ್ಲ. ಮಾರ್ಚ್ 19ರಂದು ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಆ ಷರತ್ತು ಬಿಡುವಂತೆ ಸುತ್ತೋಲೆ ಕಳಿಸಿತು.

ಕಥೆ ಇಲ್ಲಿಗೆ ಮುಗಿಯಿತೆಂದು ಹಲವು ಲೇಖನಗಳು ಬರೆದುಬಿಟ್ಟಿವೆ. ಮುಗಿದಿರಲಿಲ್ಲ. ಕಂಪನಿ ಸುಪ್ರೀಂ ಕೋರ್ಟಿಗೆ ಹೋಯಿತು. ಷರತ್ತಿನ ಸಿಂಧುತ್ವದ ಬಗ್ಗೆ ಹೈಕೋರ್ಟು ಹೇಳಿದ ಮಾತಿಗೆ ಅದೇ ವರ್ಷ ತಡೆ ಬಿತ್ತು. ಹಾಗಾದರೆ ರಕ್ಷಣೆ ಇದೆಯೋ ಇಲ್ಲವೋ? ತೀರ್ಪನ್ನು ಮಾತ್ರ ಓದಿದವರು ಇದೆ ಎನ್ನುತ್ತಾರೆ, ತಡೆಯನ್ನು ಓದಿದವರು ಇಲ್ಲ ಎನ್ನುತ್ತಾರೆ. ನಿಜವಾದ ಉತ್ತರ ನ್ಯಾಯಾಲಯದಲ್ಲಿ ಇರಲಿಲ್ಲ. 2019ರ ಸೆಪ್ಟೆಂಬರ್ 27ರಂದು ಪ್ರಾಧಿಕಾರ ತನ್ನ ಸ್ವಂತ ಅಧಿಕಾರದಿಂದ ಹೊರಡಿಸಿದ ಮಾರ್ಗಸೂಚಿಯಲ್ಲಿತ್ತು. ಆರೋಗ್ಯ ಪಾಲಿಸಿಗಳಲ್ಲಿ ಏನನ್ನು ಹೊರಗಿಡಕೂಡದು ಎಂಬ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯ ಜೊತೆಗೆ ಆನುವಂಶಿಕ ಕಾಯಿಲೆಗಳೂ ಸೇರಿದವು. ತೀರ್ಪಿಗೆ ತಡೆ ಬಿದ್ದ ಮೇಲೂ ತೀರ್ಪಿನ ತಿರುಳು ನಿಯಮವಾಗಿ ಬದುಕಿತು.

ಆ ಮಾರ್ಗಸೂಚಿಯನ್ನು ಕೊನೆಯ ಪುಟದ ತನಕ ಓದಿದಾಗ ಇನ್ನೊಂದು ಪಟ್ಟಿ ಸಿಕ್ಕಿತು. ಪಾಲಿಸಿ ತೆಗೆದುಕೊಳ್ಳುವಾಗಲೇ ಇರುವ ಯಾವ ಕಾಯಿಲೆಗಳನ್ನು, ಗ್ರಾಹಕನ ಒಪ್ಪಿಗೆ ಪಡೆದು, ಶಾಶ್ವತವಾಗಿ ಹೊರಗಿಡಬಹುದು ಎಂಬ ಪಟ್ಟಿ. ಒಂದೊಂದರ ಪಕ್ಕದಲ್ಲೂ ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಸಂಕೇತವಿದೆ. ಸಿಕಲ್ ಸೆಲ್‌ನ ಸಂಕೇತ ಡಿ 57, ಅದು ಪಟ್ಟಿಯಲ್ಲಿಲ್ಲ. ನೆಮ್ಮದಿ ಎನಿಸಿತು. ಆದರೆ ಪಟ್ಟಿಯ ಕೊನೆಗೆ ಎಂ 87 ಇದೆ: ರಕ್ತ ಹರಿಯದೆ ಮೂಳೆ ಸಾಯುವ ಸ್ಥಿತಿ. ಸಿಕಲ್ ಸೆಲ್ ರೋಗಿಗಳನ್ನು ನೋಡುವ ಯಾವ ವೈದ್ಯರನ್ನಾದರೂ ಕೇಳಿ. ಬಾಗಿದ ರಕ್ತಕಣಗಳು ತೊಡೆಮೂಳೆಯ ತಲೆಗೆ ರಕ್ತ ಹೋಗದಂತೆ ಮಾಡಿ, ಇನ್ನೂ ಯುವಕರಾಗಿರುವಾಗಲೇ ಸೊಂಟದ ಕೀಲು ಹಾಳಾಗುವುದನ್ನು ಅವರು ಮತ್ತೆ ಮತ್ತೆ ಕಂಡಿರುತ್ತಾರೆ. ಬೇರಿನ ಹೆಸರಿನಲ್ಲಿ ಹೊರಗಿಡುವಂತಿಲ್ಲ, ಫಲದ ಹೆಸರಿನಲ್ಲಿ ಹೊರಗಿಡಬಹುದು. ಪ್ರಾಧಿಕಾರದ ಮೇಲೆ ಇಲ್ಲಿ ದುರುದ್ದೇಶ ಹೊರಿಸಲಾರೆ. ಅಂಥ ರೋಗಿಗೆ ಪಾಲಿಸಿಯನ್ನೇ ನಿರಾಕರಿಸುವ ಬದಲು, ಆ ಒಂದನ್ನು ಬಿಟ್ಟು ಉಳಿದದ್ದಕ್ಕಾದರೂ ವಿಮೆ ಸಿಗಲಿ ಎಂಬುದು ಆ ಪಟ್ಟಿಯ ಉದ್ದೇಶ. ಆದರೆ ರೋಗಿಗೆ ಅತ್ಯಂತ ದುಬಾರಿಯಾಗುವ ಶಸ್ತ್ರಚಿಕಿತ್ಸೆಗಳಲ್ಲಿ ಒಂದು ಆ ಬಿಟ್ಟ ಒಂದರಲ್ಲೇ ಇದೆ.

ಇಷ್ಟೂ ರೋಗಿಯ ಮಾತಾಯಿತು. ವಾಹಕ ಇನ್ನೂ ಕೈಗೆ ಸಿಕ್ಕಿರಲಿಲ್ಲ. ಸಿಕ್ಕಿದ್ದು ನಾನು ಬಹಳ ಸಲ ಓದದೆ ದಾಟಿಹೋಗಿದ್ದ ಒಂದು ವ್ಯಾಖ್ಯೆಯಲ್ಲಿ. ಮೊದಲೇ ಇದ್ದ ಕಾಯಿಲೆ ಎಂದರೇನು ಎಂದು ಪ್ರತಿ ಪಾಲಿಸಿಯಲ್ಲೂ ಅಚ್ಚಾಗಿರುತ್ತದೆ. ಅದರ ಮಾತುಗಳನ್ನು ಪ್ರಾಧಿಕಾರವೇ ಗೊತ್ತುಮಾಡಿದೆ. ಪಾಲಿಸಿಗೆ ಮುಂಚಿನ ನಿಗದಿತ ಅವಧಿಯಲ್ಲಿ, ಹಿಂದೆ 48 ತಿಂಗಳು, 2024ರ ನಿಯಮಗಳಲ್ಲಿ 36, ವೈದ್ಯರು ಗುರುತಿಸಿದ ಯಾವುದೇ ಸ್ಥಿತಿ, ತೊಂದರೆ, ಗಾಯ ಅಥವಾ ರೋಗ. ಅಥವಾ ಯಾವುದಕ್ಕಾಗಿ ವೈದ್ಯರಿಂದ ಸಲಹೆ ಇಲ್ಲವೇ ಚಿಕಿತ್ಸೆ ಸಿಕ್ಕಿತ್ತೋ ಅದು. ರೋಗ ಮಾತ್ರವಲ್ಲ, ಸ್ಥಿತಿ. ಚಿಕಿತ್ಸೆ ಮಾತ್ರವಲ್ಲ, ಸಲಹೆ.

ಈಗ ಅಭಿಯಾನದ ಕಡತವನ್ನು ಇದರ ಪಕ್ಕಕ್ಕಿಟ್ಟು ಓದಬೇಕು. ವಾಹಕನನ್ನು ಗುರುತಿಸುವುದು, ಕಾರ್ಡು ಕೊಡುವುದು, ಮದುವೆಗೆ ಮುಂಚೆ ಸಂಗಾತಿಯ ಪರೀಕ್ಷೆ ಮಾಡಿಸುವಂತೆ ಆಪ್ತಸಲಹೆ ನೀಡುವುದು: ಇದೇ ಅದರ ಜೀವಾಳ. ಅಭಿಯಾನ ಯಶಸ್ವಿಯಾದಷ್ಟೂ ಹೆಚ್ಚು ಜನರಿಗೆ ಗುರುತಿಸಿದ ಸ್ಥಿತಿಯೊಂದು, ಸಿಕ್ಕ ಸಲಹೆಯೊಂದು ದಾಖಲೆಯಲ್ಲಿ ಕೂರುತ್ತದೆ. ವಿಮೆ ಅರ್ಜಿ ಭರ್ತಿ ಮಾಡುವಾಗ ವಾಹಕ ಅದನ್ನು ಬರೆಯಬೇಕೇ? ಬರೆದರೆ ಪ್ರೀಮಿಯಂ ಏರಬಹುದು, ಕಾಯುವ ಅವಧಿ ಹೇರಬಹುದು. ಬರೆಯದಿದ್ದರೆ ನಾಳೆ ಕ್ಲೇಮಿನ ಹೊತ್ತಿಗೆ ಮಾಹಿತಿ ಮುಚ್ಚಿಟ್ಟಿರಿ ಎನ್ನಬಹುದು. ಆ ಆಕ್ಷೇಪಕ್ಕೆ ಬಾಗಿಲು ಮುಚ್ಚಬೇಕಾದರೆ 2024ರ ನಿಯಮದಂತೆ 60 ತಿಂಗಳು ಪಾಲಿಸಿ ಬಿಡದೆ ನಡೆದಿರಬೇಕು, ಅದೂ ವಂಚನೆ ಸಾಬೀತಾಗದಿದ್ದರೆ. ಪರೀಕ್ಷೆ ಮಾಡಿಸಿಕೊಳ್ಳದ ಅವನ ಗೆಳೆಯನಿಗೆ ಈ ಯಾವ ಸಂಕಟವೂ ಇಲ್ಲ. ವಾಹಕತ್ವವನ್ನು ಕಾಯಿಲೆ ಎಂದು ಓದಬೇಕೆಂದು ನಾನು ಹೇಳುತ್ತಿಲ್ಲ. ಆನುವಂಶಿಕ ಕಾಯಿಲೆಯನ್ನೇ ಹೊರಗಿಡುವಂತಿಲ್ಲ ಎಂದಮೇಲೆ ಕಾಯಿಲೆಯೇ ಅಲ್ಲದ ವಾಹಕತ್ವವನ್ನು ಹಿಡಿಯುವುದು ಅಸಂಗತ ಎಂದು ಒಳ್ಳೆಯ ವಕೀಲ ವಾದಿಸಬಹುದು, ಗೆಲ್ಲಲೂಬಹುದು. ಆದರೆ ವ್ಯಾಖ್ಯೆಯ ಅಕ್ಷರ ಇನ್ನೊಂದು ಓದಿಗೂ ಎಡೆಕೊಡುತ್ತದೆ. ಬೆಟ್ಟದ ಹುಡುಗ ತನ್ನ ರಕ್ಷಣೆಗಾಗಿ ಒಳ್ಳೆಯ ವಕೀಲನನ್ನು ಹುಡುಕಬೇಕಾಗಿ ಬರಬಾರದು.

ಇದಕ್ಕೆ ಎದುರಾದ ಪುರಾವೆಯೂ ಅದೇ ಸೀಮೆಯಲ್ಲಿದೆ. ತಮಿಳುನಾಡಿನ ಮುಖ್ಯಮಂತ್ರಿ ಸಮಗ್ರ ಆರೋಗ್ಯ ವಿಮಾ ಯೋಜನೆ 2012ರ ಜನವರಿಯಿಂದ ನಡೆಯುತ್ತಿದೆ. 2018ರಲ್ಲಿ ಅದು ಕೇಂದ್ರದ ಜನ ಆರೋಗ್ಯ ಯೋಜನೆಯ ಜೊತೆ ಸೇರಿತು. ವರ್ಷಕ್ಕೆ 1,20,000 ರೂಪಾಯಿಗಿಂತ ಕಡಿಮೆ ಆದಾಯದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ. ಅಲ್ಲಿ ಮೊದಲೇ ಕಾಯಿಲೆ ಇತ್ತೇ ಎಂದು ಕೇಳಿ ಹೊರಗಿಡುವುದಿಲ್ಲ. ಆ ಯೋಜನೆಯನ್ನು ರಾಜ್ಯದ ಪರವಾಗಿ ನಡೆಸುತ್ತ ಬಂದ ವಿಮಾ ಕಂಪನಿ ಯಾವುದು ಎಂದು ನೋಡಿದೆ: ಚೆನ್ನೈನಲ್ಲಿ ಕೇಂದ್ರ ಕಚೇರಿಯಿರುವ ಯುನೈಟೆಡ್ ಇಂಡಿಯಾ. ದೆಹಲಿಯ ಪಾಲಿಸಿದಾರನ ವಿರುದ್ಧ ಆನುವಂಶಿಕ ಷರತ್ತನ್ನು ಹಿಡಿದು ಸುಪ್ರೀಂ ಕೋರ್ಟಿಗೆ ಹೋದ ಕಂಪನಿಯೇ ಧರ್ಮಪುರಿಯ ಬಡವನಿಗೆ ವಂಶ ಕೇಳದೆ ವಿಮೆ ಕೊಡುತ್ತಿದೆ. ವಂಶವಾಹಿ ಅಪಾಯವನ್ನು ಒಳಗೊಂಡರೆ ವಿಮೆಯ ಲೆಕ್ಕವೇ ಮುರಿದು ಬೀಳುತ್ತದೆ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಪ್ರತ್ಯುತ್ತರ ನನಗೆ ಬೇರೆ ಕಾಣಲಿಲ್ಲ. ಒಂದು ಎಚ್ಚರಿಕೆಯ ಮಾತು ಸೇರಿಸಬೇಕು: ಇಲ್ಲಿ ಪ್ರೀಮಿಯಂ ಕಟ್ಟುವುದು ಸರ್ಕಾರ, ಸೇರುವವರು ಕುಟುಂಬ ಕುಟುಂಬವಾಗಿ ಲಕ್ಷಾಂತರ ಜನ, ಕಾಯಿಲೆ ಗೊತ್ತಾದವರು ಮಾತ್ರ ಬಂದು ಸೇರುವ ಭಯ ಇಲ್ಲಿಲ್ಲ. ಬಿಡಿ ಪಾಲಿಸಿಯ ಮಾರುಕಟ್ಟೆಗೆ ಇದನ್ನು ಹಾಗೆಯೇ ಎತ್ತಿಡಲಾಗದು. ತಿಂಗಳಿಗೆ 21,000 ರೂಪಾಯಿಯೊಳಗೆ ಸಂಬಳ ಪಡೆಯುವ ನೌಕರರಿಗಿರುವ ಇಎಸ್‌ಐ ಕೂಡ ವಂಶ ಕೇಳುವುದಿಲ್ಲ. ನಮ್ಮ ಹುಡುಗ ಗಿರಣಿಗೆ ಸೇರಿಬಿಟ್ಟರೆ ಚಿಕಿತ್ಸೆಯ ಮಟ್ಟಿಗೆ ಅವನು ಸುರಕ್ಷಿತ. ಕುತ್ತಿರುವುದು ಸೇರುವ ಬಾಗಿಲಲ್ಲಿ.

ಆ ಬಾಗಿಲಲ್ಲಿ ಕಾರ್ಡಿನ ಮಾಹಿತಿಯನ್ನು ಗುಟ್ಟಾಗಿಡುವ ಹಕ್ಕಾದರೂ ಇದೆಯೇ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಅದರ ಬೆನ್ನಿಗೆ ಬಂದ 2018ರ ಶ್ರೀಕೃಷ್ಣ ಸಮಿತಿಯ ದತ್ತಾಂಶ ಸಂರಕ್ಷಣಾ ಕರಡಿನಲ್ಲೂ 2019ರ ಮಸೂದೆಯಲ್ಲೂ ವಂಶವಾಹಿ ಮಾಹಿತಿಗೆ ಸೂಕ್ಷ್ಮ ಮಾಹಿತಿಯೆಂದು ಬೇರೆಯೇ ಕಾವಲಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಆ ವರ್ಗವೇ ಇಲ್ಲ. ಫೋನ್ ನಂಬರೂ ರಕ್ತದ ವರದಿಯೂ ಅಲ್ಲಿ ಒಂದೇ ಸಮ. ಅದಲ್ಲದೆ ಅದರ 7ನೇ ಕಲಂ, ಒಪ್ಪಿಗೆ ಕೇಳದೆ ಮಾಹಿತಿ ಬಳಸಬಹುದಾದ ಸಂದರ್ಭಗಳಲ್ಲಿ ಉದ್ಯೋಗದ ಉದ್ದೇಶವನ್ನೂ ಉದ್ಯೋಗದಾತನನ್ನು ನಷ್ಟದಿಂದ ಕಾಯುವುದನ್ನೂ ಸೇರಿಸಿದೆ. ಈ ಮೂರನ್ನೂ ಸಾಲಾಗಿಟ್ಟು ನೋಡಿದರೆ, ಕಾವಲು ಬರೆದಿದ್ದರು, ಮತ್ತೆ ಬರೆದರು, ಆಮೇಲೆ ತೆಗೆದರು ಎಂಬುದು ಕಣ್ಣಿಗೆ ಕಾಣುತ್ತದೆ.

ಬೇಕಾದ ವಾಕ್ಯ ನಮ್ಮ ದೇಶದ ಶಾಸನದಲ್ಲಿ ಈಗಾಗಲೇ ಇದೆ, ಬೇರೆಯವರಿಗಾಗಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯ 3ನೇ ಕಲಂ ಖಾಸಗಿ ಉದ್ಯೋಗದಾತನನ್ನೂ ಕಟ್ಟುತ್ತದೆ. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ಇಡಬಾರದು ಎನ್ನುತ್ತದೆ. ವಿಮೆಯಲ್ಲಿ ಭೇದ ಮಾಡಬಾರದು ಎನ್ನುತ್ತದೆ. ಆದರೆ ವಿಮಾಗಣಿತದ ಅಧ್ಯಯನ ಬೆಂಬಲಿಸಿದರೆ ಭೇದಕ್ಕೆ ಎಡೆ ಬಿಡುತ್ತದೆ. ಈ ಕೊನೆಯ ಎಡೆ ಕಾಯಿದೆಯನ್ನು ದುರ್ಬಲಗೊಳಿಸುತ್ತದೆ ಎಂದು ಅನ್ನಿಸಬಹುದು. ವಾಹಕನ ವಿಚಾರದಲ್ಲಿ ನನಗೆ ಹಾಗನ್ನಿಸುವುದಿಲ್ಲ. ಲೆಕ್ಕ ತೋರಿಸುವ ಹೊಣೆ ಕಂಪನಿಯ ಮೇಲೆ ಬಿದ್ದರೆ, ಸಿಕಲ್ ಸೆಲ್ ವಾಹಕ ಇತರರಿಗಿಂತ ಎಷ್ಟು ಹೆಚ್ಚು ಬಾರಿ ಆಸ್ಪತ್ರೆ ಸೇರುತ್ತಾನೆ ಎಂದು ಅದು ಅಂಕಿಗಳಲ್ಲಿ ತೋರಿಸಬೇಕಾಗುತ್ತದೆ. 48,000 ಸೈನಿಕರ ದಾಖಲೆಯಲ್ಲಿ ಹೆಚ್ಚಿನ ಸಾವು ಸಿಗಲಿಲ್ಲ. 7 ಕೋಟಿ ಜನರ ರಕ್ತ ಪರೀಕ್ಷೆಗೆ ಆದೇಶ ಹೊರಡಿಸಿದ ದೇಶ, ಇನ್ನೊಂದು ಕಾಯಿಲೆಗೆ ತಾನೇ ಬರೆದ ಆ ಮೂರು ಸಾಲನ್ನು ವಾಹಕರಿಗೂ ಬರೆಯಬೇಕು. ಬರೆಯುವ ತನಕ ಸಿತ್ತೇರಿಯ ಹುಡುಗ ಕಾರ್ಡನ್ನು ಗಿರಣಿಯ ಬಾಗಿಲಲ್ಲಿ ತೋರಿಸದೆ ಒಳಗಿಟ್ಟುಕೊಂಡರೆ ಅದನ್ನು ಅಜ್ಞಾನ ಎಂದು ನಾನು ಕರೆಯಲಾರೆ.